ಪಾರ್ಕಿನ್ಸನ್ ಇರುವ ಸಂಗಾತಿಗೆ ದೊಡ್ಡ ಆಪರೇಷನ್: ಮಾತ್ರೆಯ ಗಡಿಯಾರ ನಿಮ್ಮ ಕೈಯಲ್ಲಿರಲಿ

"ನಮ್ಮ ಮನೆಯವರಿಗೆ ಪಾರ್ಕಿನ್ಸನ್ ಇದೆ. ಈಗ ಆಪರೇಷನ್ ಆಗಲೇಬೇಕು ಅಂತಿದ್ದಾರೆ. ಏನೇನು ನೋಡ್ಕೋಬೇಕು?" ನನ್ನನ್ನು ಜನ ಕೇಳುವುದರಲ್ಲಿ ಇದೇ ಜಾಸ್ತಿ. ಒಬ್ಬರಿಗೆ ಮಂಡಿ ಬದಲಿಸಬೇಕು, ಇನ್ನೊಬ್ಬರಿಗೆ ಪಿತ್ತಕೋಶದ ಕಲ್ಲು, ಮತ್ತೊಬ್ಬರಿಗೆ ಬೈಪಾಸ್. ಆಪರೇಷನ್ ಯಾವುದೇ ಇರಲಿ, ನಾನು ಹೇಳುವುದು ಹೆಚ್ಚು ಕಡಿಮೆ ಒಂದೇ ಆಗಿರುತ್ತದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದಿಡುತ್ತಿದ್ದೇನೆ.

ನಾನು ಡಾಕ್ಟರ್ ಅಲ್ಲ. ಹನ್ನೊಂದು ವರ್ಷದಿಂದ ಈ ಕಾಯಿಲೆ ಇರುವ ಗಂಡನನ್ನು ನೋಡಿಕೊಳ್ಳುತ್ತಿರುವವಳು. ಅವರ ಸೊಂಟದ ಕೀಲಿನ ಆಪರೇಷನ್ ಹೊತ್ತಿನಲ್ಲಿ ಆಸ್ಪತ್ರೆಯ ಕುರ್ಚಿಯಲ್ಲಿ ಒಂಬತ್ತು ರಾತ್ರಿ ಕಳೆದಿದ್ದೇನೆ. ಇಲ್ಲಿರುವ ಯಾವ ಔಷಧಿಯನ್ನೂ ನನ್ನ ಮಾತು ಕೇಳಿ ಶುರು ಮಾಡಬೇಡಿ, ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಏನು ಕೇಳಬೇಕು ಅಂತ ತಿಳಿಯಲು ಇದನ್ನು ಬಳಸಿ.

ಮೊದಲು, ಯಾಕಿಷ್ಟು ತಲೆಬಿಸಿ?

ಪಾರ್ಕಿನ್ಸನ್‌ನಲ್ಲಿ ಮೆದುಳಿನೊಳಗೆ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾಗುತ್ತದೆ. ಕೈಕಾಲು ಆಡುವುದಕ್ಕೆ, ನುಂಗುವುದಕ್ಕೆ, ಮಾತಿಗೆ, ಎಲ್ಲಕ್ಕೂ ಅದು ಬೇಕು. ಆ ಕೊರತೆ ತುಂಬುವುದು ಲೆವೊಡೋಪಾ ಮಾತ್ರೆ. ನಮ್ಮ ಕಡೆ ಸಿಂಡೋಪಾ, ಟಿಡೋಮೆಟ್ ಎಂಬ ಹೆಸರುಗಳಲ್ಲಿ ಸಿಗುತ್ತದೆ. ಈ ಮಾತ್ರೆ ರಕ್ತದಲ್ಲಿ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಸುಮಾರು ಒಂದೂವರೆ ಗಂಟೆಗೆ ಅರ್ಧಕ್ಕೆ ಇಳಿದಿರುತ್ತದೆ. ಕಾಯಿಲೆ ಹಳೆಯದಾದಷ್ಟೂ ಮಾತ್ರೆಯ ಹೊತ್ತು ತಪ್ಪಿದ್ದು ಬೇಗ ಗೊತ್ತಾಗುತ್ತದೆ. ಮಾತ್ರೆ ಹಿಡಿದಿರುವ ಹೊತ್ತಿಗೆ 'ಆನ್', ಬಿಟ್ಟುಹೋದ ಹೊತ್ತಿಗೆ 'ಆಫ್' ಎನ್ನುತ್ತಾರೆ. ನಿಮಗೆ ಇದೆಲ್ಲ ಗೊತ್ತಿರುವುದೇ.

ಆಸ್ಪತ್ರೆಯದು ಬೇರೆಯೇ ಗಡಿಯಾರ. ವಾರ್ಡಿನಲ್ಲಿ ಮಾತ್ರೆ ಟ್ರಾಲಿ ಬರುವುದು ಬೆಳಿಗ್ಗೆ 8ಕ್ಕೆ, ಮಧ್ಯಾಹ್ನ 2ಕ್ಕೆ, ರಾತ್ರಿ 8ಕ್ಕೆ. ನಿಮ್ಮವರಿಗೆ 6ಕ್ಕೆ, 9:30ಕ್ಕೆ, 1ಕ್ಕೆ, 4:30ಕ್ಕೆ, 8ಕ್ಕೆ ಬೇಕು. ಬಿಪಿ ಮಾತ್ರೆ ಎರಡು ಗಂಟೆ ತಡವಾದರೆ ಆಕಾಶ ಬೀಳುವುದಿಲ್ಲ. ಲೆವೊಡೋಪಾ ಎರಡು ಗಂಟೆ ತಡವಾದರೆ ಮನುಷ್ಯ ಮರದ ಕೊರಡಾಗುತ್ತಾನೆ. ನುಂಗಲು ಆಗುವುದಿಲ್ಲ, ಎಂಜಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಮಾತ್ರೆ ಪೂರ್ತಿ ನಿಂತುಬಿಟ್ಟರೆ ತೀವ್ರ ಜ್ವರ, ಬಿಗಿತ, ಪ್ರಜ್ಞೆ ಮಂಕಾಗುವುದು ಎಲ್ಲ ಸೇರಿದ ಒಂದು ಗಂಭೀರ ಸ್ಥಿತಿ ಬರುವುದೂ ಉಂಟು. ಬ್ರಿಟನ್ನಿನ ಪಾರ್ಕಿನ್ಸನ್ಸ್ ಯುಕೆ ಸಂಸ್ಥೆ 'ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಿ' ಅಂತ ಆಸ್ಪತ್ರೆಗಳಿಗಾಗಿಯೇ ಅಭಿಯಾನ ನಡೆಸುತ್ತದೆ. ಅವರ ಪ್ರಕಾರ ಹೇಳಿದ ಹೊತ್ತಿಗಿಂತ ಅರ್ಧ ಗಂಟೆಗಿಂತ ಜಾಸ್ತಿ ಆಚೀಚೆ ಆಗಬಾರದು. ಅಲ್ಲೇ ಹಾಗಿದ್ದರೆ ನಮ್ಮಲ್ಲಿ ಕೇಳಬೇಕೆ?

ಬೈಸ್ಟ್ಯಾಂಡರ್ ಅಂತ ನಿಮಗೊಂದು ಪಾಸ್ ಕೊಡುತ್ತಾರೆ. ಫ್ಲಾಸ್ಕು, ಬಟ್ಟೆ, ಬಿಲ್ಲು ಯಾರು ಬೇಕಾದರೂ ನೋಡಿಕೊಳ್ಳಬಹುದು. ಮಾತ್ರೆಯ ಹೊತ್ತು ಕಾಯುವುದು ನಿಮ್ಮ ಕೆಲಸ.

ಹಂತ 1: ಆಪರೇಷನ್ ಅಂದ ದಿನವೇ ನ್ಯೂರಾಲಜಿಸ್ಟ್‌ಗೆ ತಿಳಿಸಿ

ಸರ್ಜನ್ ದಿನಾಂಕ ಕೊಟ್ಟ ಮೇಲೆ ಅಲ್ಲ, ಆಪರೇಷನ್ ಅಂತ ಬಾಯಿ ಬಿಟ್ಟ ಕೂಡಲೇ. ಯಾಕೆಂದರೆ ಕೆಲವು ಮಾತ್ರೆಗಳ ವಿಷಯವನ್ನು ವಾರಗಟ್ಟಲೆ ಮುಂಚೆ ತೀರ್ಮಾನಿಸಬೇಕಾಗುತ್ತದೆ. ರಸಾಜಿಲಿನ್, ಸೆಲಿಜಿಲಿನ್, ಸಫಿನಮೈಡ್ ಎಂಬವು ಇದರಲ್ಲಿ ಮುಖ್ಯ. ಇವು ಕೆಲವು ನೋವಿನ ಇಂಜೆಕ್ಷನ್ ಜೊತೆ ಸೇರಿದರೆ ಅಪಾಯ. ಮುಂದುವರಿಸಬೇಕೋ, ಎರಡು ವಾರ ಮೊದಲೇ ನಿಲ್ಲಿಸಬೇಕೋ ಎಂಬುದನ್ನು ನ್ಯೂರಾಲಜಿಸ್ಟೂ ಅರಿವಳಿಕೆ ಡಾಕ್ಟರೂ ಮಾತಾಡಿಕೊಂಡು ಹೇಳಬೇಕು. ನೀವಾಗಿಯೇ ನಿಲ್ಲಿಸಬೇಡಿ.

ನ್ಯೂರಾಲಜಿಸ್ಟ್ ಹತ್ತಿರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ಬರೆಸಿಕೊಳ್ಳಿ. ಅದರಲ್ಲಿ ಮೂರು ವಿಷಯ ಇರಬೇಕು. ಯಾವ ಮಾತ್ರೆ ಎಷ್ಟು ಗಂಟೆಗೆ. ಬಾಯಿಂದ ನುಂಗಲು ಆಗದಿದ್ದರೆ ಬದಲಿಗೆ ಏನು. ಯಾವ ಔಷಧಿ ಕೊಡಲೇಬಾರದು. ನಾವು ಹೇಳಿದರೆ "ಆಯ್ತಮ್ಮಾ, ನೋಡ್ತೀವಿ" ಅನ್ನುತ್ತಾರೆ. ಅದೇ ಮಾತು ಇನ್ನೊಬ್ಬ ಡಾಕ್ಟರ ಸಹಿ ಇರುವ ಕಾಗದದಲ್ಲಿದ್ದರೆ ಕೇಸ್ ಶೀಟಿಗೆ ಪಿನ್ ಹೊಡೆಯುತ್ತಾರೆ.

ನಿಮ್ಹಾನ್ಸ್‌ನಂಥ ಕಡೆ ತೋರಿಸುತ್ತಿದ್ದು, ಆಪರೇಷನ್ ನಿಮ್ಮೂರಿನ ಆಸ್ಪತ್ರೆಯಲ್ಲಿ ಆಗುವುದಾದರೆ ಈ ಪತ್ರ ಇನ್ನೂ ಮುಖ್ಯ. ಅಲ್ಲಿನ ಫೈಲು, ಇಲ್ಲಿನ ಕಂಪ್ಯೂಟರ್, ಒಂದಕ್ಕೊಂದು ಪರಿಚಯವೇ ಇರುವುದಿಲ್ಲ.

ಬಿದ್ದು ಮೂಳೆ ಮುರಿದು ಓಡಿಬಂದಿದ್ದರೆ ಇಷ್ಟೆಲ್ಲ ಸಮಯ ಇರುವುದಿಲ್ಲ. ಆಗ ಒಂದೇ ಕೆಲಸ. ಕ್ಯಾಶುವಾಲಿಟಿಯಲ್ಲಿ ಹೆಸರು ಬರೆಸುವಾಗಲೇ "ಪಾರ್ಕಿನ್ಸನ್ ಇದೆ, ಮುಂದಿನ ಮಾತ್ರೆ ಇಷ್ಟು ಗಂಟೆಗೆ, ಕೊಡಬಹುದಾ?" ಅಂತ ಕೇಳಿ. ಓಟಿ ಖಾಲಿಯಾಗಲಿ ಎಂದು ಖಾಲಿ ಹೊಟ್ಟೆಯಲ್ಲಿ ಮಲಗಿಸಿ, ಸಂಜೆಗೆ "ಇವತ್ತು ಆಗಲ್ಲ, ನಾಳೆ" ಅನ್ನುವುದು ಇಂಥ ಕೇಸುಗಳಲ್ಲಿ ಸಾಮಾನ್ಯ. ಅಷ್ಟರಲ್ಲಿ ನಾಲ್ಕು ಡೋಸ್ ತಪ್ಪಿರುತ್ತದೆ.

ಹಂತ 2: ಒಂದೇ ಒಂದು ಹಾಳೆ ಬರೆಯಿರಿ

ದಪ್ಪ ಫೈಲನ್ನು ರಾತ್ರಿ 2 ಗಂಟೆಗೆ ಡ್ಯೂಟಿ ಡಾಕ್ಟರ್ ಓದುವುದಿಲ್ಲ. ಒಂದು ಎ4 ಹಾಳೆ ಸಾಕು. ದೊಡ್ಡ ಅಕ್ಷರ. ಇಂಗ್ಲಿಷ್‌ನಲ್ಲಿ ಬರೆಸಿ, ಏಕೆಂದರೆ ಸಿಸ್ಟರ್‌ಗಳಲ್ಲಿ ಹೊರ ರಾಜ್ಯದವರೂ ಇರುತ್ತಾರೆ. ಐದು ಪ್ರತಿ ಮಾಡಿಸಿ. ಒಂದು ಕೇಸ್ ಶೀಟಿಗೆ, ಒಂದು ಅರಿವಳಿಕೆ ಡಾಕ್ಟರಿಗೆ, ಒಂದು ಐಸಿಯುಗೆ, ಒಂದು ಮಂಚದ ತಲೆ ಕಡೆ ಅಂಟಿಸಲು, ಒಂದು ನಿಮ್ಮ ಪರ್ಸಿನಲ್ಲಿ.

ಹಾಳೆಯಲ್ಲಿ ಇರಬೇಕಾದ್ದು:

- ಮಾತ್ರೆಯ ಹೆಸರು, ಸ್ಟ್ರಿಪ್ಪಿನ ಮೇಲೆ ಇರುವ ಸಂಖ್ಯೆ ಸಮೇತ. ಸಿಂಡೋಪಾ ಪ್ಲಸ್, ಸಿಂಡೋಪಾ 110, ಸಿಂಡೋಪಾ 275, ಸಿಂಡೋಪಾ ಸಿಆರ್, ಇವೆಲ್ಲ ಬೇರೆ ಬೇರೆ. 110ರಲ್ಲಿ ಲೆವೊಡೋಪಾ 100 ಮಿಲಿಗ್ರಾಂ ಇದ್ದರೆ 275ರಲ್ಲಿ 250. ಬರೀ 'ಸಿಂಡೋಪಾ' ಎಂದು ಬರೆದರೆ ಫಾರ್ಮಸಿಯವರು ಕೈಗೆ ಸಿಕ್ಕಿದ್ದು ಕಳಿಸುತ್ತಾರೆ.
- ಗಂಟೆ. 'ದಿನಕ್ಕೆ ಐದು ಸಲ' ಅಲ್ಲ. 6:00, 9:30, 1:00, ಹೀಗೆ. ಚೀಟಿಯಲ್ಲಿ 'ಟಿಡಿಎಸ್' (ದಿನಕ್ಕೆ ಮೂರು ಸಲ) ಎಂದಿದ್ದರೆ ವಾರ್ಡ್ ತನ್ನ ಹೊತ್ತಿಗೆ ಕೊಡುತ್ತದೆ.
- 'ಆಫ್' ಆದಾಗ ಹೇಗಿರುತ್ತಾರೆ, 'ಆನ್' ಆದಾಗ ಹೇಗಿರುತ್ತಾರೆ, ಒಂದೊಂದು ಸಾಲು.
- ನುಂಗುವ ತೊಂದರೆ, ಎದ್ದಾಗ ಬಿಪಿ ಇಳಿಯುವುದು, ಇಲ್ಲದ್ದು ಕಾಣುವುದು ಮೊದಲೇ ಇದ್ದರೆ ಅದು.
- ಕೊಡಬಾರದ ಔಷಧಿಗಳು, ಕೆಂಪು ಶಾಯಿಯಲ್ಲಿ.
- ಆಯುರ್ವೇದದ್ದು ಏನಾದರೂ ನಡೆದಿದ್ದರೆ ಅದನ್ನೂ ಬರೆಯಿರಿ. ನಸುಗುನ್ನಿ ಬೀಜದ ಪುಡಿಯನ್ನು ಹಾಲಿಗೆ ಹಾಕಿ ಕೊಡುವ ಮನೆಗಳು ಎಷ್ಟೋ ಇವೆ. ಆ ಬೀಜದಲ್ಲಿ ಇರುವುದು ಲೆವೊಡೋಪಾನೇ. "ಅದು ಸುಮ್ನೆ ಮನೆ ಮದ್ದು" ಅಂತ ಮುಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ.

ಹಂತ 3: ಅರಿವಳಿಕೆ ಡಾಕ್ಟರ ಜೊತೆ ಹತ್ತು ನಿಮಿಷ

ಆಪರೇಷನ್‌ಗೆ ಮುಂಚೆ ಪಿಎಸಿ ಎಂಬ ತಪಾಸಣೆ ಇರುತ್ತದೆ. ಅರಿವಳಿಕೆ (ಅನಸ್ತೇಶಿಯಾ) ತಡೆದುಕೊಳ್ಳುವ ಶಕ್ತಿ ದೇಹಕ್ಕೆ ಇದೆಯಾ ಎಂದು ನೋಡುವುದು ಇದರ ಉದ್ದೇಶ. ಹೆಚ್ಚಿನವರು ಇದನ್ನು ಇಸಿಜಿ, ರಕ್ತ ಪರೀಕ್ಷೆ ತೋರಿಸಿ ಮುಗಿಸಿಬಿಡುತ್ತಾರೆ. ನನ್ನ ಪ್ರಕಾರ ಇಡೀ ಆಪರೇಷನ್‌ನಲ್ಲಿ ನಿಮಗೆ ಬೇಕಾದ ಮುಖ್ಯ ಡಾಕ್ಟರ್ ಇವರೇ. ಈ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ:

"ಬೆಳಿಗ್ಗೆ ಮೊದಲ ಕೇಸಾಗಿ ತಗೊಳ್ಳಬಹುದಾ?" ಮೊದಲ ಕೇಸಾದರೆ ಹೊತ್ತು ಗೊತ್ತಿರುತ್ತದೆ, ಮಾತ್ರೆ ತಪ್ಪುವುದು ಕಡಿಮೆ.

"ಆ ದಿನ ಬೆಳಿಗ್ಗೆ ಮಾತ್ರೆಯನ್ನು ಒಂದು ಗುಟುಕು ನೀರಿನಲ್ಲಿ ಕೊಡಬಹುದಾ?" ಆಪರೇಷನ್‌ಗೆ ಮುಂಚೆ ಗಟ್ಟಿ ಆಹಾರ 6 ಗಂಟೆ, ತಿಳಿ ನೀರು 2 ಗಂಟೆ ನಿಲ್ಲಿಸುವುದು ಸಾಮಾನ್ಯ ನಿಯಮ. ಮಾತ್ರೆಗೆ ಬೇಕಾದ ಗುಟುಕು ನೀರಿಗೆ ಸಾಧಾರಣವಾಗಿ ಒಪ್ಪುತ್ತಾರೆ. ಒಪ್ಪಿದ್ದನ್ನು ಕೇಸ್ ಶೀಟಿನಲ್ಲಿ ಬರೆಸಿ. ಇಲ್ಲದಿದ್ದರೆ ಬೆಳಿಗ್ಗೆ ಬರುವ ಸಿಸ್ಟರ್ "ನೀರೂ ಕೊಡಬೇಡಿ ಅಂದಿದ್ದಾರೆ" ಅಂತ ತಡೆಯುತ್ತಾರೆ. ಅವರ ತಪ್ಪಲ್ಲ.

"ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಲು ಆಗುತ್ತದಾ?" ಸೊಂಟ, ಮಂಡಿ, ಪ್ರಾಸ್ಟೇಟ್ ಆಪರೇಷನ್‌ಗಳಲ್ಲಿ ಇದು ಸಾಧ್ಯವಿರಬಹುದು. ಆಗ ಎಚ್ಚರವಿರುತ್ತಾರೆ, ಬೇಗ ಮಾತ್ರೆ ನುಂಗಬಹುದು. ಎಲ್ಲರಿಗೂ ಆಗುವುದಿಲ್ಲ, ತೀರ್ಮಾನ ಅವರದ್ದು.

"ಆಪರೇಷನ್ ಉದ್ದವಾದರೆ, ಹೊಟ್ಟೆಯ ಆಪರೇಷನ್ ಆಗಿ ಎರಡು ದಿನ ಬಾಯಿಂದ ಏನೂ ಕೊಡದಿದ್ದರೆ, ಲೆವೊಡೋಪಾ ಹೇಗೆ?" ಮೂಗಿನಿಂದ ಹೊಟ್ಟೆಗೆ ಹಾಕುವ ಕೊಳವೆಯಲ್ಲಿ (ರೈಲ್ಸ್ ಟ್ಯೂಬ್) ಸಾದಾ ಮಾತ್ರೆಯನ್ನು ನೀರಿಗೆ ಕದಡಿ ಕೊಡುತ್ತಾರೆ. ಸಿಆರ್ ಮಾತ್ರೆಯನ್ನು ಮಾತ್ರ ಪುಡಿ ಮಾಡಬಾರದು. ಅದು ನಿಧಾನವಾಗಿ ಕರಗಲೆಂದೇ ಮಾಡಿದ್ದು, ಪುಡಿ ಮಾಡಿದರೆ ಒಮ್ಮೆಲೇ ಏರಿಬಿಡುತ್ತದೆ. ಸಿಆರ್ ತೆಗೆದುಕೊಳ್ಳುವವರಿಗೆ ಸಾದಾ ಮಾತ್ರೆಯ ಲೆಕ್ಕ ಎಷ್ಟು ಎಂದು ನ್ಯೂರಾಲಜಿಸ್ಟ್ ಪತ್ರದಲ್ಲೇ ಇರಲಿ. ಕೊಳವೆಯಲ್ಲೂ ಕೊಡಲಾಗದಿದ್ದರೆ ಚರ್ಮದ ಪಟ್ಟಿ, ಇಂಜೆಕ್ಷನ್ ಅಂತ ಬೇರೆ ದಾರಿಗಳಿವೆ. ಅವು ನಿಮ್ಮ ಆಸ್ಪತ್ರೆಯಲ್ಲಿ ಇವೆಯಾ ಎಂದು ಮುಂಚೆಯೇ ವಿಚಾರಿಸಿ, ಆ ರಾತ್ರಿ ಅಲ್ಲ.

ಡಿಬಿಎಸ್ ಆಗಿದ್ದರೆ: ಮೆದುಳಿಗೆ ತಂತಿ, ಎದೆಯಲ್ಲಿ ಬ್ಯಾಟರಿ ಇರುವವರಿದ್ದರೆ ಅದನ್ನು ಸರ್ಜನ್, ಅರಿವಳಿಕೆ ಡಾಕ್ಟರ್ ಇಬ್ಬರಿಗೂ ಬಾಯಿಬಿಟ್ಟು ಹೇಳಿ. ರಕ್ತ ನಿಲ್ಲಿಸಲು ಓಟಿಯಲ್ಲಿ ಬಳಸುವ ವಿದ್ಯುತ್ ಕಾಟರಿ ಆ ತಂತಿಗೆ ತೊಂದರೆ ಕೊಡಬಹುದು. ಬೈಪೋಲಾರ್ ಎಂಬ ಸುರಕ್ಷಿತ ವಿಧಾನ ಇದೆ, ಸಾಧನವನ್ನು ಆ ಹೊತ್ತಿಗೆ ಆಫ್ ಮಾಡುವುದೂ ಇದೆ. ಆಫ್ ಮಾಡಿದ್ದನ್ನು ಮತ್ತೆ ಆನ್ ಮಾಡಲು ರಿಮೋಟ್ ಬೇಕಲ್ಲ, ಅದನ್ನು ಮನೆಯಲ್ಲಿ ಮರೆಯಬೇಡಿ. ಚಾರ್ಜು ಮಾಡಿಕೊಂಡು ಹೋಗಿ. ಡೈಯಾಥರ್ಮಿ ಎಂಬ ಶಾಖದ ಫಿಸಿಯೋಥೆರಪಿ ಇಂಥವರಿಗೆ ಕೂಡದೇ ಕೂಡದು. ಎಂಆರ್‌ಐ ಅಂದರೂ ಮೊದಲು ಕೇಳಿ.

ಹಂತ 4: ಈ ಔಷಧಿಗಳ ಹೆಸರು ಬಾಯಿಪಾಠ ಮಾಡಿ

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ. ಆಪರೇಷನ್ ಆದವರಿಗೆ ವಾಂತಿ ಬರುವುದು, ರಾತ್ರಿ ಗಲಾಟೆ ಮಾಡುವುದು ಸಾಮಾನ್ಯ. ಅವಕ್ಕೆ ಕೊಡುವ ಎಷ್ಟೋ ಔಷಧಿಗಳು ಡೋಪಮಿನ್ನಿಗೇ ಅಡ್ಡ ನಿಲ್ಲುತ್ತವೆ. ಬೇರೆಯವರಿಗೆ ಅವು ಸರಿ. ನಮ್ಮವರಿಗೆ ವಿಷ ಅನ್ನುವುದಿಲ್ಲ, ಆದರೆ ಕೈಕಾಲು ಕಟ್ಟಿಹಾಕಿದಂತೆ ಆಗುತ್ತದೆ.

ವಾಂತಿಗೆ ಕೊಡಬಾರದ್ದು: ಮೆಟೊಕ್ಲೋಪ್ರಮೈಡ್ (ಪೆರಿನಾರ್ಮ್, ರೆಗ್ಲಾನ್), ಪ್ರೋಕ್ಲೋರ್‌ಪೆರಜಿನ್ (ಸ್ಟೆಮೆಟಿಲ್), ಪ್ರೋಮೆಥಜಿನ್ (ಫೆನರ್ಗನ್). ಬದಲಿಗೆ ಆಂಡಾನ್ಸೆಟ್ರಾನ್ (ಎಮೆಸೆಟ್) ಕೊಡುವುದು ರೂಢಿ. ಆದರೆ ಅಪೊಮಾರ್ಫಿನ್ ಇಂಜೆಕ್ಷನ್ ತೆಗೆದುಕೊಳ್ಳುವವರಿಗೆ ಆಂಡಾನ್ಸೆಟ್ರಾನ್ ಆಗದು.

ಗ್ಯಾಸ್ಟ್ರಿಕ್ ಮಾತ್ರೆಯಲ್ಲಿ ಅವಿತಿರುವುದು: ಲೆವೊಸಲ್ಪಿರೈಡ್. ಇದು ನಮ್ಮ ದೇಶದಲ್ಲಿ ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಜೊತೆ ಒಂದೇ ಕ್ಯಾಪ್ಸೂಲಿನಲ್ಲಿ ಬರುತ್ತದೆ. ಹೆಚ್ಚಾಗಿ ಹೆಸರಿನ ಕೊನೆಗೆ ಒಂದು 'ಎಲ್' ಇರುತ್ತದೆ, ಅಷ್ಟೇ. ಡಿಸ್ಚಾರ್ಜ್ ಚೀಟಿಯಲ್ಲೂ ನುಸುಳುತ್ತದೆ. ಸ್ಟ್ರಿಪ್ ತಿರುಗಿಸಿ ಸಣ್ಣ ಅಕ್ಷರ ಓದಿ.

ತಲೆಸುತ್ತಿಗೆ: ಸಿನ್ನರಿಜಿನ್ (ಸ್ಟುಜೆರಾನ್), ಫ್ಲುನರಿಜಿನ್. ಇವೂ ಬೇಡ.

ಗಲಾಟೆ, ಗೊಂದಲಕ್ಕೆ: ಹಾಲೊಪೆರಿಡಾಲ್ (ಸೆರೆನೇಸ್) ಬೇಡ. ರಿಸ್ಪೆರಿಡೋನ್, ಓಲಾಂಜಪಿನ್ ಕೂಡ ಬೇಡ. ಔಷಧಿ ಕೊಡಲೇಬೇಕಾದರೆ ಕ್ವೆಟಿಯಪಿನ್ ಸ್ವಲ್ಪ ಪ್ರಮಾಣದಲ್ಲಿ ಕೊಡುವುದುಂಟು. ಅದನ್ನು ನ್ಯೂರಾಲಜಿಸ್ಟ್ ಕೇಳಿಯೇ ಕೊಡಲಿ.

ನೋವಿಗೆ: ರಸಾಜಿಲಿನ್, ಸೆಲಿಜಿಲಿನ್, ಸಫಿನಮೈಡ್ ನಡೆಯುತ್ತಿದ್ದರೆ ಪೆಥಿಡಿನ್, ಟ್ರಮಡಾಲ್ ಬೇಡ. ಟ್ರಮಡಾಲ್ ನಮ್ಮಲ್ಲಿ ಬಹಳ ಸಾಮಾನ್ಯ, ಪ್ಯಾರಾಸಿಟಮಾಲ್ ಜೊತೆ ಸೇರಿಸಿಯೂ ಬರುತ್ತದೆ. ಡೆಕ್ಸ್‌ಟ್ರೊಮೆಥಾರ್ಫಾನ್ ಇರುವ ಕೆಮ್ಮಿನ ಸಿರಪ್ಪಿಗೂ ಇದೇ ಮಾತು.

ನಮ್ಮವರಿಗೆ ಎರಡನೇ ದಿನ ರಾತ್ರಿ ಓಕರಿಕೆ ಬಂತು. ಸಿಸ್ಟರ್ ಟ್ರೇ ಹಿಡಿದು ಬಂದರು. "ಏನು ಇಂಜೆಕ್ಷನ್ ಸಿಸ್ಟರ್?" ಎಂದೆ. "ವಾಂತಿಗೆ ಅಮ್ಮ, ಎಲ್ಲರಿಗೂ ಕೊಡೋದೇ" ಎಂದರು. "ಆಂಪೂಲ್ ಒಂದ್ಸಲ ತೋರಿಸ್ತೀರಾ?" ಬೆರಳುದ್ದದ ಗಾಜಿನ ಬಾಟಲಿಯ ಮೇಲೆ ನೀಲಿ ಅಕ್ಷರದಲ್ಲಿ ಮೆಟೊಕ್ಲೋಪ್ರಮೈಡ್. ಮಂಚದ ತಲೆಗೆ ಅಂಟಿಸಿದ್ದ ಹಾಳೆ ತೋರಿಸಿದೆ. ಅವರು ಓದಿ, ಟ್ರೇ ವಾಪಸ್ ತೆಗೆದುಕೊಂಡು ಹೋಗಿ, ಡಾಕ್ಟರಿಗೆ ಫೋನ್ ಮಾಡಿ ಬೇರೆ ತಂದರು. ಜಗಳವಿಲ್ಲ, ಕೂಗಾಟವಿಲ್ಲ. ಕೇಳುವ ಮಾತು ಇಷ್ಟೇ ಇರಲಿ: "ಇದರ ಹೆಸರೇನು? ಪಾರ್ಕಿನ್ಸನ್‌ಗೆ ಪರವಾಗಿಲ್ವಾ?"

ಹಂತ 5: ಅಡ್ಮಿಟ್ ಆಗುವ ದಿನ

ಮಾತ್ರೆಗಳನ್ನು ಅವುಗಳ ಸ್ಟ್ರಿಪ್ಪಿನಲ್ಲೇ, ಒಂದು ವಾರಕ್ಕೆ ಸಾಕಾಗಿ ಮಿಗುವಷ್ಟು ಒಯ್ಯಿರಿ. ಕಾಗದದಲ್ಲಿ ಸುತ್ತಿದ ಬಿಡಿ ಮಾತ್ರೆಯನ್ನು ಯಾವ ಸಿಸ್ಟರೂ ನಂಬುವುದಿಲ್ಲ, ನಂಬಲೂಬಾರದು. ಆಸ್ಪತ್ರೆಯ ಫಾರ್ಮಸಿಯಲ್ಲಿ ಪಾರ್ಕಿನ್ಸನ್ ಮಾತ್ರೆಗಳೆಲ್ಲ ಇರುತ್ತವೆ ಎಂಬ ಭರವಸೆ ಇಲ್ಲ.

ಕೆಲವು ಆಸ್ಪತ್ರೆಗಳಲ್ಲಿ ಮನೆಯ ಮಾತ್ರೆ ಕೊಡಲು ಬಿಡುವುದಿಲ್ಲ. ವಾದಕ್ಕೆ ನಿಲ್ಲಬೇಡಿ. "ಸ್ವಂತ ಔಷಧಿ, ಸಂಗಾತಿ ಹೊತ್ತಿಗೆ ಕೊಡುತ್ತಾರೆ" ಎಂದು ಡಾಕ್ಟರ ಕೈಲಿ ಬರೆಸಿಕೊಳ್ಳಿ. ಕೊಟ್ಟಾಗಲೆಲ್ಲ ಸಿಸ್ಟರಿಗೆ ಹೇಳಿ ಚಾರ್ಟಿನಲ್ಲಿ ಗುರುತು ಹಾಕಿಸಿ. ಹೇಳದೆ ಕೊಟ್ಟರೆ ಇನ್ನೊಂದು ತಪ್ಪು ಕಾದಿರುತ್ತದೆ: ನೀವು ಒಂದು, ಅವರು ಒಂದು, ಎರಡು ಡೋಸ್.

ಚೀಲದಲ್ಲಿ ಇವೂ ಇರಲಿ: ಕನ್ನಡಕ, ಕಿವಿ ಯಂತ್ರ, ಹಲ್ಲಿನ ಸೆಟ್ಟಿನ ಡಬ್ಬಿ, ಮುಳ್ಳು ಚೆನ್ನಾಗಿ ಕಾಣುವ ಗಡಿಯಾರ, ಹಿಂದೆ ಬೆಲ್ಟ್ ಇರುವ ಚಪ್ಪಲಿ. ಮೊಬೈಲಿನಲ್ಲಿ ಪ್ರತಿ ಮಾತ್ರೆಗೂ ಅಲಾರಂ.

ಸಿಸ್ಟರ್‌ಗಳಿಗೆ ಒಂದು ಮಾತು ಮೊದಲೇ ಹೇಳಿಬಿಡಿ. ಪಾರ್ಕಿನ್ಸನ್ ಇರುವವರ ಮುಖದಲ್ಲಿ ಭಾವನೆ ಕಾಣುವುದಿಲ್ಲ, ದನಿ ಮೆತ್ತಗೆ. ನೋವು ಎಷ್ಟಿದ್ದರೂ ಸುಮ್ಮನೆ ಮಲಗಿದಂತೆ ಕಾಣುತ್ತಾರೆ. ನೋವಿದೆಯಾ ಅಂತ ಕೇಳಿ, ಉತ್ತರಕ್ಕೆ ಹತ್ತು ಎಣಿಸುವಷ್ಟು ಹೊತ್ತು ಕಾಯಬೇಕು. ನಡುಕದಿಂದ ಇಸಿಜಿ ಗೀಟುಗಳು ಹುಚ್ಚಾಪಟ್ಟೆ ಕುಣಿದು, ಎದೆ ಬಡಿತ ಕೆಟ್ಟಿದೆಯೇನೋ ಎಂಬಂತೆ ಕಾಣುವುದೂ ಇದೆ. 'ಆನ್' ಹೊತ್ತಿನಲ್ಲಿ ಮೈ ತಾನಾಗಿ ಹೊಯ್ದಾಡುವುದನ್ನು ಹಠ ಎಂದುಕೊಂಡು ಕೈಕಟ್ಟಿದ ಉದಾಹರಣೆಗಳೂ ಇವೆ. ಮೊದಲೇ ಹೇಳಿದ್ದರೆ ಇದು ಆಗುವುದಿಲ್ಲ.

ಹಂತ 6: ಆಪರೇಷನ್ ದಿನ

ಬೆಳಿಗ್ಗೆ ಮಾತ್ರೆ, ಗುಟುಕು ನೀರು. ಓಟಿಗೆ ಹೊರಡುವಾಗ ಕೊನೆಯ ಮಾತ್ರೆ ಎಷ್ಟು ಗಂಟೆಗೆ ಆಯಿತು, ಮುಂದಿನದು ಎಷ್ಟಕ್ಕೆ ಎಂದು ಒಂದು ಚೀಟಿಯಲ್ಲಿ ಬರೆದು ಫೈಲಿನ ಮೇಲೆ ಅಂಟಿಸಿ. ರಿಕವರಿ ರೂಮಿನವರಿಗೆ ಅದು ಕಾಣಬೇಕು.

ಹೊರಗೆ ಕಾಯುವಾಗ ಸುಮ್ನೆ ಚಡಪಡಿಸಬೇಡಿ ಅಂತ ಹೇಳಿದರೆ ನೀವು ಕೇಳುವುದಿಲ್ಲ, ನಾನೂ ಕೇಳಿರಲಿಲ್ಲ. ಆ ಹೊತ್ತಿನಲ್ಲಿ ಏನಾದರೂ ತಿನ್ನಿ. ಆ ರಾತ್ರಿ ನಿದ್ದೆ ಇರುವುದಿಲ್ಲ.

ಸರ್ಜನ್ ಹೊರಗೆ ಬಂದು "ಆಪರೇಷನ್ ಚೆನ್ನಾಗಾಯ್ತು" ಅಂದಾಗ ಒಂದೇ ಪ್ರಶ್ನೆ: "ಮುಂದಿನ ಮಾತ್ರೆ ಯಾವಾಗ ಕೊಡಬಹುದು ಡಾಕ್ಟ್ರೇ?" ಒಂದು ಡೋಸ್ ತಪ್ಪಿದೆ ಎಂದು ಎರಡು ಒಟ್ಟಿಗೆ ಕೊಡಬೇಡಿ.

ಹಂತ 7: ಮೊದಲ ರಾತ್ರಿಗಳು

ಇಲ್ಲಿ ಸ್ವಲ್ಪ ನಿಧಾನ ಹೇಳುತ್ತೇನೆ, ಎಲ್ಲರೂ ಹೆದರುವುದು ಇಲ್ಲೇ.

ಹಗಲು ಸರಿಯಾಗಿದ್ದವರು ರಾತ್ರಿ ಹನ್ನೊಂದಕ್ಕೆ "ಬಸ್ಸು ಬಂತು, ಚೀಲ ಎಲ್ಲಿ" ಅನ್ನಬಹುದು. ಗೋಡೆಯ ಮೇಲೆ ಹುಳ ಹರಿಯುವುದು ಕಾಣಬಹುದು. ಡ್ರಿಪ್ ಕಿತ್ತುಕೊಳ್ಳಬಹುದು. ನಿಮ್ಮನ್ನೇ ಗುರುತು ಹಿಡಿಯದೆ ಬೈಯಬಹುದು. ಇದಕ್ಕೆ ಡೆಲಿರಿಯಂ ಎನ್ನುತ್ತಾರೆ, ಅಂದರೆ ತಾತ್ಕಾಲಿಕ ಗೊಂದಲ. ವಯಸ್ಸಾದ ಯಾರಿಗೂ ದೊಡ್ಡ ಆಪರೇಷನ್ ಆದ ಮೇಲೆ ಬರಬಹುದು, ಪಾರ್ಕಿನ್ಸನ್ ಇದ್ದರೆ ಇನ್ನೂ ಜಾಸ್ತಿ. ಹುಚ್ಚಲ್ಲ. ಹೆಚ್ಚಿನವರಲ್ಲಿ ಕಡಿಮೆಯಾಗುತ್ತದೆ, ಕೆಲವರಿಗೆ ವಾರಗಳು ಹಿಡಿಯುತ್ತವೆ.

ವಾದ ಮಾಡಬೇಡಿ. "ಬಸ್ಸು ಎಲ್ಲಿದೆ, ಏನು ಮಾತಾಡ್ತಿದ್ದೀರಿ" ಎಂದರೆ ಗಲಾಟೆ ಹೆಚ್ಚುತ್ತದೆ. "ಬಸ್ಸು ಬೆಳಿಗ್ಗೆಗಂತೆ, ಈಗ ಮಲಗಿ. ನಾನು ಇಲ್ಲೇ ಇದ್ದೀನಿ, ನಾವು ಆಸ್ಪತ್ರೇಲಿದ್ದೀವಿ" ಎನ್ನಿ. ಕನ್ನಡಕ ಹಾಕಿ, ಕಿವಿ ಯಂತ್ರ ಹಾಕಿ. ಗಡಿಯಾರ ಕಾಣುವಂತೆ ಇಡಿ. ಹಗಲು ಕಿಟಕಿ ಪರದೆ ತೆಗೆಸಿ, ರಾತ್ರಿ ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಮಾತ್ರ ಉಳಿಸಿ. ನೋಡಲು ಬರುವ ನೆಂಟರ ಹಿಂಡನ್ನು ಬಾಗಿಲಲ್ಲೇ ಕಳಿಸಿ. ಇದನ್ನು ಹೇಳುವುದು ಕಷ್ಟ, ಅತ್ತಿಗೆ ಮುನಿಸಿಕೊಂಡರೂ ಪರವಾಗಿಲ್ಲ.

ಜೊತೆಗೆ ಡಾಕ್ಟರ ಹತ್ತಿರ ಕಾರಣ ಹುಡುಕಿಸಿ. ಮೂತ್ರ ಕಟ್ಟಿದೆಯಾ? ಮೂತ್ರದ ಸೋಂಕಾ? ಮಲ ಕಟ್ಟಿದೆಯಾ? ನೋವು ಜಾಸ್ತಿಯಾ? ಉಪ್ಪಿನಂಶ ಏರುಪೇರಾಗಿದೆಯಾ? ಮಾತ್ರೆ ತಪ್ಪಿದೆಯಾ? ನಮ್ಮವರ ವಿಷಯದಲ್ಲಿ ಕಾರಣ ಬರೀ ಮೂತ್ರದ ಕೊಳವೆಯ ಸೋಂಕಾಗಿತ್ತು. ಕೊಳವೆ ಎಷ್ಟು ಬೇಗ ತೆಗೆಯಬಹುದು ಎಂದು ದಿನಾ ಕೇಳಿ.

ಈ ಕೆಳಗಿನದಕ್ಕೆ ಮಾತ್ರ ಕಾಯಬೇಡಿ, ಕೂಡಲೇ ಕೂಗಿ: ಮೈ ಸುಡುವ ಜ್ವರ, ಕೈಕಾಲು ಕಬ್ಬಿಣದಂತೆ ಬಿಗಿತ, ವಿಪರೀತ ಬೆವರು, ಮಂಕು. ಇವು ಒಟ್ಟಿಗೆ ಬಂದರೆ, ಅದೂ ಮಾತ್ರೆಗಳು ತಪ್ಪಿದ್ದರೆ, ತುರ್ತು ಚಿಕಿತ್ಸೆ ಬೇಕು. "ಕೊನೆಯ ಡೋಪಾ ಮಾತ್ರೆ ಇಷ್ಟು ಗಂಟೆ ಹಿಂದೆ" ಎಂಬ ಮಾತನ್ನು ಮೊದಲು ಹೇಳಿ.

ಐಸಿಯು ಒಳಗೆ ನಿಮ್ಮನ್ನು ಬಿಡುವುದಿಲ್ಲ. ಹಾಳೆ ಒಳಗೆ ಕಳಿಸಿ. ಶಿಫ್ಟ್ ಬದಲಾಗುವಾಗಲೆಲ್ಲ ಬಾಗಿಲ ಹತ್ತಿರ ಹೊಸ ಸಿಸ್ಟರಿಗೆ ಮತ್ತೊಮ್ಮೆ ಹೇಳಿ. ಅವರಿಗೆ ಬೇಜಾರಾಗಬಹುದು, ಆಗಲಿ.

ಹಂತ 8: ನುಂಗುವುದು, ಊಟ, ಹೊಟ್ಟೆ

ಮೊದಲ ಗುಟುಕು ಕೊಡುವ ಮೊದಲು ಪೂರ್ತಿ ಎಚ್ಚರ ಇದ್ದಾರಾ ನೋಡಿ. ಮಂಚದ ತಲೆ ಎತ್ತಿ ನೇರ ಕೂರಿಸಿ, ಗಲ್ಲ ಸ್ವಲ್ಪ ಎದೆ ಕಡೆ ಬಾಗಿರಲಿ. ಒಂದು ಚಮಚ ನೀರು. ಕೆಮ್ಮು ಬಂದರೆ, ದನಿ ಗೊರಗೊರ ಎಂದರೆ, ನಿಲ್ಲಿಸಿ ಸಿಸ್ಟರಿಗೆ ಹೇಳಿ. ಮಲಗಿಸಿಕೊಂಡು ಕಾಫಿ ಹೊಯ್ಯುವುದು ದೊಡ್ಡ ತಪ್ಪು. ಮೂರು ಚೆಂಡಿನ ಉಸಿರಾಟದ ಯಂತ್ರ ಕೊಟ್ಟಿದ್ದರೆ 'ಆನ್' ಹೊತ್ತಿನಲ್ಲಿ ಮಾಡಿಸಿ.

ಗಾಯ ಮಾಯಲು ಪ್ರೋಟೀನ್ ಕೊಡಿ ಎನ್ನುತ್ತಾರೆ. ಕೊಡಬೇಕಾದ್ದೇ. ಆದರೆ ಹಾಲು, ಮೊಟ್ಟೆ, ಬೇಳೆ, ಪ್ರೋಟೀನ್ ಪುಡಿ ಇವುಗಳಲ್ಲಿರುವ ಪ್ರೋಟೀನ್ ಕರುಳಿನಲ್ಲಿ ಲೆವೊಡೋಪಾ ಜೊತೆ ಪೈಪೋಟಿಗೆ ಬೀಳುತ್ತದೆ. ಮಾತ್ರೆ ಊಟಕ್ಕೆ ಅರ್ಧ ಗಂಟೆ ಮುಂಚೆ, ಇಲ್ಲವೇ ಊಟವಾಗಿ ಒಂದು ಗಂಟೆ ನಂತರ. ಮಾತ್ರೆಯನ್ನು ಹಾಲಿನ ಲೋಟದ ಜೊತೆ ಕೊಡಲೇಬೇಡಿ. ವಾಕರಿಕೆ ಇದ್ದರೆ ಒಂದು ಬಿಸ್ಕೆಟ್, ಎರಡು ಚಮಚ ಅಕ್ಕಿ ಗಂಜಿ ಸಾಕು. ಆಪರೇಷನ್ ನಂತರ ಕಬ್ಬಿಣದ ಮಾತ್ರೆ ಬರೆಯುತ್ತಾರೆ. ಅದೂ ಲೆವೊಡೋಪಾವನ್ನು ಹಿಡಿದಿಡುತ್ತದೆ, ಎರಡು ಗಂಟೆಯಾದರೂ ಅಂತರ ಇರಲಿ. ಕೊಳವೆಯಲ್ಲಿ ಆಹಾರ ನಡೆಯುತ್ತಿದ್ದರೆ ಮಾತ್ರೆ ಹೊತ್ತಿಗೆ ಅದನ್ನು ಎಷ್ಟು ಹೊತ್ತು ನಿಲ್ಲಿಸಬೇಕೆಂದು ಕೇಳಿ.

ಮಲಬದ್ಧತೆ ನಮ್ಮವರಿಗೆ ಮೊದಲೇ ಇರುತ್ತದೆ, ನೋವಿನ ಔಷಧಿ ಸೇರಿ ಇನ್ನೂ ಕೆಡುತ್ತದೆ. ಹೊಟ್ಟೆ ಕಟ್ಟಿದರೆ ಮಾತ್ರೆಯೂ ಸರಿಯಾಗಿ ಹಿಡಿಯುವುದಿಲ್ಲ. ಎರಡು ದಿನ ಆಗದಿದ್ದರೆ ಮೂರನೇ ದಿನಕ್ಕೆ ಕಾಯದೆ ಹೇಳಿ.

ಹಂತ 9: ಎಬ್ಬಿಸಿ ನಡೆಸುವುದು

ಫಿಸಿಯೋಥೆರಪಿಸ್ಟ್ 'ಆನ್' ಹೊತ್ತಿಗೆ ಬರುವಂತೆ ಕೇಳಿಕೊಳ್ಳಿ. ಮಾತ್ರೆ ಕೊಟ್ಟು ಮುಕ್ಕಾಲು ಗಂಟೆ, ಒಂದು ಗಂಟೆಯ ಸುಮಾರು. 'ಆಫ್'ನಲ್ಲಿ ಬಂದರೆ "ಸಹಕರಿಸುತ್ತಿಲ್ಲ" ಎಂದು ಬರೆದು ಹೋಗುತ್ತಾರೆ, ಆ ದಿನ ದಂಡ.

ಏಳಿಸುವಾಗ ಮೊದಲು ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದೆರಡು ನಿಮಿಷ ಕೂರಿಸಿ. ನಿಂತ ಕೂಡಲೇ ಬಿಪಿ ಇಳಿದು ಕಣ್ಣು ಕತ್ತಲೆ ಬರುವುದು ಈ ಕಾಯಿಲೆಯಲ್ಲಿ ಜಾಸ್ತಿ. ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಟ್ಟರೆ ಕೈ ಹಿಡಿದು ಎಳೆಯಬೇಡಿ, ಬೀಳುತ್ತಾರೆ. ನಿಲ್ಲಲು ಬಿಡಿ. ಉಸಿರು ತೆಗೆದುಕೊಳ್ಳಲಿ. "ಒಂದು, ಎರಡು, ಎಡಗಾಲು" ಎಂದು ಎಣಿಸಿ. ನೆಲದ ಟೈಲ್ಸಿನ ಗೆರೆ ತೋರಿಸಿ "ಈ ಗೆರೆ ದಾಟಿ" ಎನ್ನಿ. ನಮ್ಮ ಕಾರಿಡಾರಿನಲ್ಲಿ ಸಿಸ್ಟರೊಬ್ಬರ ಬಿಳಿ ಪ್ಲಾಸ್ಟರನ್ನೇ ಅಡಿಗೊಂದರಂತೆ ನೆಲಕ್ಕೆ ಅಂಟಿಸಿದ್ದೆ. ಮಾತು ಕೇಳದ ಕಾಲು ಗೆರೆಯ ಮಾತು ಕೇಳಿತು.

ಹಂತ 10: ಡಿಸ್ಚಾರ್ಜ್

ಬಿಲ್ಲಿನ ಗಡಿಬಿಡಿಯಲ್ಲಿ ಡಿಸ್ಚಾರ್ಜ್ ಸಮ್ಮರಿ ಓದದೆ ಮನೆಗೆ ಬರಬೇಡಿ. ಕೂತು ಓದಿ. ಪಾರ್ಕಿನ್ಸನ್ ಮಾತ್ರೆಗಳು ಅದರಲ್ಲಿ ಇವೆಯಾ? ಎಷ್ಟೋ ಸಲ ಬರೀ ಆಪರೇಷನ್ನಿನ ಔಷಧಿ ಬರೆದಿರುತ್ತಾರೆ, ಮನೆಗೆ ಬಂದ ಮಗ ಆ ಚೀಟಿ ನೋಡಿಯೇ ಕೊಡುತ್ತಾನೆ. ಗಂಟೆ ಸಮೇತ ಬರೆದಿದ್ದಾರಾ? ಆ 'ಎಲ್' ಇರುವ ಗ್ಯಾಸ್ಟ್ರಿಕ್ ಕ್ಯಾಪ್ಸೂಲ್ ಇದೆಯಾ? ಮುಂಚೆ ನಿಲ್ಲಿಸಿದ್ದ ಮಾತ್ರೆ ಯಾವಾಗ ಮತ್ತೆ ಶುರು? ಐಸಿಯುನಲ್ಲಿ ಕೊಟ್ಟ ನಿದ್ದೆ ಮಾತ್ರೆ ಇನ್ನೂ ಬೇಕಾ?

ವಿಮೆಯ ಕ್ಲೇಮಿಗೆ ಪಾರ್ಕಿನ್ಸನ್ ಮೊದಲೇ ಇದ್ದ ಕಾಯಿಲೆ ಎಂದು ಪಾಲಿಸಿಯಲ್ಲಿ ತೋರಿಸಿದ್ದೀರಾ ಎಂಬುದನ್ನು ಅಡ್ಮಿಟ್ ಆಗುವ ಮೊದಲೇ ನೋಡಿಕೊಂಡಿರಬೇಕು. ಈಗ ಪತ್ರ, ಬಿಲ್ಲು, ಫಿಲ್ಮು ಎಲ್ಲ ಒಂದು ಕವರಿಗೆ ಹಾಕಿ.

ಮನೆಯಲ್ಲಿ ಮೊದಲ ಕೆಲವು ವಾರ ನಡಿಗೆ, ಮಾತು ಆಪರೇಷನ್‌ಗೆ ಮುಂಚಿಗಿಂತ ಕೆಟ್ಟಿರುತ್ತದೆ. ಕಾಯಿಲೆ ಒಮ್ಮೆಲೇ ಮುಂದಕ್ಕೆ ಹೋಯಿತು ಅಂತ ಎದೆ ಒಡೆದುಕೊಳ್ಳಬೇಡಿ, ಬಹಳಷ್ಟು ವಾಪಸ್ ಬರುತ್ತದೆ. ಹಾಗಂತ ನೀವೇ ಮಾತ್ರೆ ಏರಿಸಬೇಡಿ. ಎರಡು ಮೂರು ವಾರದೊಳಗೆ ನ್ಯೂರಾಲಜಿಸ್ಟ್‌ಗೆ ತೋರಿಸಿ. ಕಾಲಿನ ಮೀನಖಂಡ ಊದಿ ನೋವು ಬಂದರೆ, ಉಸಿರು ಕಟ್ಟಿದರೆ, ಗಾಯದಿಂದ ಕೀವು ಬಂದರೆ ಅಷ್ಟು ಕಾಯಬೇಡಿ.

ಇನ್ನು ನೀವು. ಒಂಬತ್ತು ರಾತ್ರಿ ಒಬ್ಬಳೇ ಕೂತಿದ್ದು ನಾನು ಮಾಡಿದ ತಪ್ಪು. ನಾಲ್ಕನೇ ರಾತ್ರಿ ಅಲಾರಂ ಹೊಡೆದರೂ ನನಗೆ ಎಚ್ಚರವಾಗಲಿಲ್ಲ, ಬೆಳಗಿನ 6ರ ಮಾತ್ರೆ 7:40ಕ್ಕೆ ಆಯಿತು. ಆ ದಿನ ಮಧ್ಯಾಹ್ನದವರೆಗೆ ಅವರು ಏಳಲಿಲ್ಲ. ಮಗಳೋ, ತಮ್ಮನೋ, ಪಕ್ಕದ ಮನೆಯವರೋ, ಹಾಳೆ ಓದಿ ಅರ್ಥ ಮಾಡಿಕೊಂಡ ಇನ್ನೊಬ್ಬರು ಎರಡು ದಿನಕ್ಕೊಂದು ರಾತ್ರಿ ಕೂರುವಂತೆ ಅಡ್ಮಿಟ್ ಆಗುವ ಮೊದಲೇ ಗೊತ್ತು ಮಾಡಿಕೊಳ್ಳಿ. ಅವರ ಫೋನಿನಲ್ಲೂ ಅದೇ ಅಲಾರಂಗಳನ್ನು ನೀವೇ ಇಟ್ಟುಕೊಡಿ.